ಹೃದಯದ ಸಂಶೋಧನೆಯ ಸುದ್ದಿ ಬಂದರೆ ಮೂಲ ಪೇಪರ್ ಓದುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

"ದಿನಕ್ಕೊಂದು ಮಾತ್ರೆ, ಹೃದಯಾಘಾತ ಶೇ. 31 ಕಡಿಮೆ." ಇಂಥದ್ದೊಂದು ಸುದ್ದಿ ವಾಟ್ಸಾಪ್‌ಗೆ ಬಂದ ಕೂಡಲೇ ಕೆಲವರು ಮೆಡಿಕಲ್ ಶಾಪ್‌ಗೆ ಓಡುತ್ತಾರೆ. ಇನ್ನು ಕೆಲವರು "ಎಲ್ಲಾ ಕಂಪನಿಯವರ ಆಟ ಬಿಡ್ರಿ" ಎಂದು ತಳ್ಳಿಹಾಕುತ್ತಾರೆ. ಇಬ್ಬರೂ ಮೂಲ ಪೇಪರ್, ಅಂದರೆ ಸಂಶೋಧಕರೇ ಜರ್ನಲ್ಲಿನಲ್ಲಿ ಬರೆದ ವರದಿ, ನೋಡಿರುವುದಿಲ್ಲ. ನೋಡೋಕೆ ಡಾಕ್ಟರೇ ಆಗಿರಬೇಕಿಲ್ಲ. ಕಳೆಯುವುದು, ಭಾಗಿಸುವುದು ಗೊತ್ತಿದ್ದರೆ ಮುಕ್ಕಾಲು ಕೆಲಸ ಆಯ್ತು. ಯಾವ ಅಂಕಿ ಪೇಪರಿನಲ್ಲಿ ಎಲ್ಲಿರುತ್ತದೆ ಅನ್ನೋದು ಉಳಿದ ಕಾಲು ಭಾಗ.

ಬರೀ ನಿಯಮ ಹೇಳುತ್ತಾ ಹೋದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಒಂದು ಪೇಪರ್ ಹಿಡಿದುಕೊಂಡು ಕೊನೆವರೆಗೂ ಹೋಗೋಣ. ಅದರ ಹೆಸರು ಟಿಪ್ಸ್-3, ನಾಲ್ಕು ಔಷಧ ಸೇರಿಸಿದ ಒಂದೇ ಮಾತ್ರೆಯ ಮೇಲಿನ ಪ್ರಯೋಗ. 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಮೇಲಿನ ಶೇ. 31 ಇದರದ್ದೇ ಅಂಕಿ. ಇದರಲ್ಲಿ ಭಾಗವಹಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಅಂದರೆ ಶೇ. 47.9, ಭಾರತದವರು. ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್. ಇನ್ನೊಬ್ಬರು ಅದೇ ಸೇಂಟ್ ಜಾನ್ಸ್‌ನಲ್ಲಿ ಎಂಬಿಬಿಎಸ್ ಓದಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್.

ಹಂತ 1: ಸುದ್ದಿ ಪಕ್ಕಕ್ಕಿಡಿ, ಪೇಪರ್ ಹುಡುಕಿ

ಸುದ್ದಿಯಲ್ಲಿ ಸಂಶೋಧನೆಯ ಹೆಸರು ಇದ್ದರೆ ಅದನ್ನು ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರುಗಳನ್ನು ಹುಡುಕುವ ತಾಣ) ಹಾಕಿ ಹುಡುಕಿ. ಪೂರ್ತಿ ಪೇಪರಿಗೆ ದುಡ್ಡು ಕೇಳಿದರೂ ಸಾರಾಂಶ ಪುಕ್ಕಟೆ ಸಿಗುತ್ತದೆ. ದೊಡ್ಡ ಪೇಪರುಗಳ ಪೂರ್ತಿ ಪಠ್ಯವೂ ಎಷ್ಟೋ ಸಲ ಪುಕ್ಕಟೆಯೇ. ಹೆಸರೂ ಇಲ್ಲ, ಜರ್ನಲ್ಲೂ ಇಲ್ಲ, "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಅಂತಷ್ಟೇ ಇದ್ದರೆ ಅಲ್ಲಿಗೇ ಬಿಡಿ, ಅದರ ಹಿಂದೆ ಬಿದ್ದು ಸಮಯ ಹಾಳು ಮಾಡಿಕೊಳ್ಳಬೇಡಿ.

ಭಾರತದಲ್ಲಿ ನಡೆದ ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ) ತಾಣದಲ್ಲೂ ನೋಡಿ. 2007ರಲ್ಲಿ ಶುರುವಾದ, ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸುವ ಈ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ಓದಬಹುದು. 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ಇಲ್ಲಿ ನೋಂದಣಿ ಕಡ್ಡಾಯ. ಇಲ್ಲಿ ನೀವು ಮುಖ್ಯವಾಗಿ ನೋಡಬೇಕಾದದ್ದು "ನಾವು ಇದನ್ನು ಅಳೆಯುತ್ತೇವೆ" ಎಂದು ಶುರುವಿನಲ್ಲಿ ಬರೆದುಕೊಟ್ಟದ್ದು ಏನು, ಕೊನೆಗೆ ಪೇಪರಿನಲ್ಲಿ ಅಳೆದು ತೋರಿಸಿದ್ದು ಏನು ಅನ್ನೋದನ್ನ. ಎರಡೂ ಬೇರೆ ಬೇರೆ ಇದ್ದರೆ ಕಿವಿ ನಿಮಿರಬೇಕು.

ಹಂತ 2: ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ

ಯಾರಿಗೆ ಕೊಟ್ಟರು? ಏನು ಕೊಟ್ಟರು? ಯಾವುದರ ಜೊತೆ ಹೋಲಿಸಿದರು? ಏನನ್ನು ಎಣಿಸಿದರು? ಈ ನಾಲ್ಕಕ್ಕೂ ಉತ್ತರ ಸಾರಾಂಶದಲ್ಲೇ ಸಿಗಬೇಕು. ಟಿಪ್ಸ್-3ಕ್ಕೆ ನಾನು ಹೀಗೆ ಬರೆದುಕೊಳ್ಳುತ್ತೇನೆ.

ಯಾರಿಗೆ: 5713 ಜನರಿಗೆ. ಯಾರಿಗೂ ಮೊದಲು ಹೃದಯಾಘಾತವಾಗಲಿ ಲಕ್ವವಾಗಲಿ ಆಗಿರಲಿಲ್ಲ. ಆದರೆ ಬಿಪಿ, ಶುಗರ್ ಇತ್ಯಾದಿ ಸೇರಿ ಅಪಾಯ ಜಾಸ್ತಿ ಇದ್ದವರು. ಸರಾಸರಿ ವಯಸ್ಸು ಸುಮಾರು 64, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೆಂಗಸರು.

ಏನು: ಪಾಲಿಪಿಲ್, ಅಂದರೆ ನಾಲ್ಕು ಔಷಧ ಒಂದರಲ್ಲೇ. ಸಿಮ್ವಾಸ್ಟಾಟಿನ್ 40, ಅಟೆನೊಲಾಲ್ 100, ಹೈಡ್ರೋಕ್ಲೋರೋಥಯಜೈಡ್ 25, ರಾಮಿಪ್ರಿಲ್ 10 ಮಿಲಿಗ್ರಾಂ. ಮೊದಲನೆಯದು ಕೊಲೆಸ್ಟರಾಲ್ ಇಳಿಸಲು, ಉಳಿದ ಮೂರು ಬಿಪಿಗೆ. ಕೆಲವರಿಗೆ ಇದರ ಜೊತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ 75 ಮಿಲಿಗ್ರಾಂ.

ಯಾವುದರ ಜೊತೆ: ಪ್ಲಸೀಬೊ ಜೊತೆ. ನೋಡೋಕೆ ಹಾಗೇ ಇರುವ, ಔಷಧ ಇಲ್ಲದ ಮಾತ್ರೆ.

ಏನನ್ನು: ಹೃದಯ, ರಕ್ತನಾಳದ ಕಾಯಿಲೆಯಿಂದ ಸಾವು, ಹೃದಯಾಘಾತ, ಲಕ್ವ, ಹೃದಯ ನಿಂತು ಮತ್ತೆ ಬದುಕಿಸಿದ್ದು, ಹಾರ್ಟ್ ಫೇಲ್ಯೂರ್, ಸ್ಟೆಂಟ್ ಅಥವಾ ಬೈಪಾಸ್. ಇವುಗಳಲ್ಲಿ ಯಾವುದಾದರೂ ಒಂದು. ಸರಾಸರಿ 4.6 ವರ್ಷ ಗಮನಿಸಿದರು.

ಈ ಚೀಟಿ ಬರೆದ ಮೇಲೆ ಸುದ್ದಿಯ ತಲೆಬರಹ ಮತ್ತೊಮ್ಮೆ ಓದಿ. "ಹೃದಯಾಘಾತ ಕಡಿಮೆ" ಅಂತ ಅಲ್ಲಿದೆ. ಎಣಿಸಿದ್ದು ಬರೀ ಹೃದಯಾಘಾತವನ್ನಲ್ಲ ಅಲ್ವಾ?

ಹಂತ 3: ಗುಂಪು ಮಾಡಿದ್ದು ಹೇಗೆ?

ಚೀಟಿ ಎತ್ತಿದ ಹಾಗೆ ಯಾವ ಗುಂಪಿಗೆ ಯಾರು ಅಂತ ನಿರ್ಧಾರವಾಗಿದ್ದರೆ ಅದು ರ್‍ಯಾಂಡಮೈಸ್ಡ್ ಪ್ರಯೋಗ. ಹಾಗಲ್ಲದೆ, ಔಷಧ ತಾವಾಗೇ ತೆಗೆದುಕೊಳ್ಳುತ್ತಿದ್ದವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದ್ದರೆ ಜಾಗ್ರತೆ. ದಿನಾ ತಪ್ಪದೆ ವಿಟಮಿನ್ ನುಂಗುವವರು ಸಾಮಾನ್ಯವಾಗಿ ವಾಕಿಂಗ್ ಕೂಡ ಹೋಗುತ್ತಾರೆ, ಸಿಗರೇಟು ಸೇದುವುದು ಕಡಿಮೆ, ಡಾಕ್ಟರ್ ಹತ್ತಿರ ಬೇಗ ಹೋಗುತ್ತಾರೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಲಾಭ ಬಂದದ್ದು ವಿಟಮಿನ್‌ನಿಂದಲೋ ಉಳಿದದ್ದರಿಂದಲೋ ಹೇಳೋದು ಕಷ್ಟ.

ವೀಕ್ಷಣೆಯ ಅಧ್ಯಯನ ಕೆಲಸಕ್ಕೆ ಬಾರದ್ದು ಅಂತ ಅಲ್ಲ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೃದಯಾಘಾತಕ್ಕೆ ಕಾರಣವಾಗುವ ಒಂಬತ್ತು ಅಂಶಗಳನ್ನು ಗುರುತಿಸಿದ್ದು ಹೀಗೇ. ಸಿಗರೇಟು ಕೆಟ್ಟದ್ದು ಅಂತ ತೋರಿಸಲು ಚೀಟಿ ಎತ್ತಿ ಅರ್ಧ ಜನಕ್ಕೆ ಸಿಗರೇಟು ಸೇದಿಸಲು ಆಗುತ್ತದೆಯೇ? ಆದರೆ "ಈ ಮಾತ್ರೆ ಕೆಲಸ ಮಾಡುತ್ತದಾ" ಅನ್ನೋ ಪ್ರಶ್ನೆಗೆ ರ್‍ಯಾಂಡಮೈಸ್ಡ್ ಪ್ರಯೋಗವೇ ಬೇಕು.

ರ್‍ಯಾಂಡಮ್ ಸರಿಯಾಗಿ ಆಗಿದೆಯೇ ಅಂತ ತಿಳಿಯಲು ಪೇಪರಿನ ಮೊದಲ ಕೋಷ್ಟಕ ನೋಡಿ. ಎರಡೂ ಗುಂಪಿನ ವಯಸ್ಸು, ಬಿಪಿ, ಶುಗರ್ ಇರುವವರ ಸಂಖ್ಯೆ, ಸಿಗರೇಟು ಸೇದುವವರು, ಎಲ್ಲಾ ಹೆಚ್ಚುಕಡಿಮೆ ಒಂದೇ ಇರಬೇಕು.

ಹಂತ 4: ಯಾರಿಗೆ ಏನು ಸಿಕ್ಕಿದೆ ಅಂತ ಯಾರಿಗೆ ಗೊತ್ತಿತ್ತು?

ಮಾತ್ರೆಯಾದರೆ ಮುಚ್ಚಿಡುವುದು ಸುಲಭ. ಸ್ಟೆಂಟ್ ಆದರೆ? ಅದಕ್ಕೂ ದಾರಿ ಮಾಡಿದ್ದಾರೆ. ಬ್ರಿಟನ್ನಿನ 2017ರ ಆರ್ಬಿಟಾ ಪ್ರಯೋಗದಲ್ಲಿ, ನಡೆದಾಡುವಾಗ ಎದೆ ಹಿಡಿದುಕೊಳ್ಳುವ ತೊಂದರೆ ಇದ್ದ 200 ಜನರನ್ನು ತೆಗೆದುಕೊಂಡರು. ಎಲ್ಲರನ್ನೂ ಸ್ಟೆಂಟ್ ಹಾಕುವ ಕೋಣೆಗೆ, ಅಂದರೆ ಕ್ಯಾಥ್ ಲ್ಯಾಬ್‌ಗೆ ಒಯ್ದರು, ಕಿವಿಗೆ ಹೆಡ್‌ಫೋನ್ ಹಾಕಿ ಹಾಡು ಕೇಳಿಸಿದರು, ಮಂಪರು ಬರಿಸಿದರು. ಅರ್ಧ ಜನಕ್ಕೆ ಮಾತ್ರ ಸ್ಟೆಂಟ್ ಹಾಕಿದರು. ಉಳಿದವರಿಗೆ ಹಾಕಿದ ಹಾಗೆ ನಟಿಸಿದರು. ಆರು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರೆ ಸ್ಟೆಂಟ್ ಗುಂಪು ಮೊದಲಿಗಿಂತ 28.4 ಸೆಕೆಂಡ್ ಹೆಚ್ಚು ತಾಳಿಕೊಂಡಿತ್ತು. ಸ್ಟೆಂಟ್ ಇಲ್ಲದವರೂ 11.8 ಸೆಕೆಂಡ್ ಸುಧಾರಿಸಿದ್ದರು! ನಡುವಿನ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು.

ಇಷ್ಟಕ್ಕೇ "ಸ್ಟೆಂಟ್ ದಂಡ" ಅಂತ ಫಾರ್ವರ್ಡ್ ಮಾಡಬೇಡಿ. ಅವರೆಲ್ಲ ಆಗಲೇ ಚೆನ್ನಾಗಿ ಔಷಧ ತೆಗೆದುಕೊಳ್ಳುತ್ತಿದ್ದವರು. 2023ರ ಆರ್ಬಿಟಾ-2ರಲ್ಲಿ ಎದೆನೋವಿನ ಔಷಧ ನಿಲ್ಲಿಸಿ 301 ಜನರಲ್ಲಿ ಇದೇ ಪರೀಕ್ಷೆ ಮಾಡಿದಾಗ ಸ್ಟೆಂಟ್ ಎದೆನೋವನ್ನು ನಿಜವಾಗಿ ಕಡಿಮೆ ಮಾಡಿತು. ಇನ್ನು ಹೃದಯಾಘಾತ ಆಗುತ್ತಿರುವಾಗ ತುರ್ತಾಗಿ ಹಾಕುವ ಸ್ಟೆಂಟ್ ಜೀವ ಉಳಿಸುತ್ತದೆ. ಆ ವಿಷಯವೇ ಬೇರೆ, ಈ ಎರಡೂ ಪ್ರಯೋಗ ಅದನ್ನು ಮುಟ್ಟಿಯೇ ಇಲ್ಲ.

ನೋವು, ಸುಸ್ತು, ಓಡುವ ಶಕ್ತಿ ಇಂಥದ್ದನ್ನು ಅಳೆಯುವಾಗ ಮುಚ್ಚಿಡುವುದು ತುಂಬಾ ಮುಖ್ಯ. ಸಾವನ್ನು ಎಣಿಸುವಾಗ ಅಷ್ಟಿಲ್ಲ. 2020ರ ಇಸ್ಕೀಮಿಯಾ ಪ್ರಯೋಗದಲ್ಲಿ 5179 ಜನಕ್ಕೂ ತಮಗೆ ಏನು ಚಿಕಿತ್ಸೆ ಅಂತ ಗೊತ್ತಿತ್ತು. ಆದರೂ ಬೇಗನೆ ಆಂಜಿಯೋ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಕಡೆ ಹೋದ ಗುಂಪಿನಲ್ಲಿ 145 ಸಾವು, ಮೊದಲು ಔಷಧ ಮಾತ್ರ ಕೊಟ್ಟ ಗುಂಪಿನಲ್ಲಿ 144 ಸಾವು ಎಂಬ ಲೆಕ್ಕವನ್ನು ನಂಬಬಹುದು.

ಹಂತ 5: ಎಣಿಸಿದ್ದು ಕಾಯಿಲೆಯನ್ನೋ, ಲ್ಯಾಬ್ ರಿಪೋರ್ಟನ್ನೋ?

ನನ್ನ ಪ್ರಕಾರ ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. "ಕೊಲೆಸ್ಟರಾಲ್ ಇಳಿಯಿತು", "ಬಡಿತ ಸರಿಹೋಯಿತು" ಅಂದ ಮಾತ್ರಕ್ಕೆ ಮನುಷ್ಯ ಬದುಕಿದ ಅಂತ ಅರ್ಥ ಅಲ್ಲ.

ಎಂಬತ್ತರ ದಶಕದಲ್ಲಿ ಹೃದಯಾಘಾತ ಆದವರಲ್ಲಿ ಹೃದಯ ಆಗಾಗ ಎಡವಟ್ಟಾಗಿ ಬಡಿಯುವುದು ಕಂಡರೆ ಆ ಬಡಿತ ನಿಲ್ಲಿಸುವ ಔಷಧ ಕೊಡುತ್ತಿದ್ದರು. ಅಂಥ ಬಡಿತ ಇರುವವರು ಹಠಾತ್ತಾಗಿ ಸಾಯುವುದು ಜಾಸ್ತಿ ಅಂತ ಗೊತ್ತಿತ್ತು, ಔಷಧ ಕೊಟ್ಟರೆ ಇಸಿಜಿ ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ಸಾವೂ ಕಡಿಮೆ ಆಗಬೇಕು ಅನ್ನೋದು ಲೆಕ್ಕಾಚಾರ. ಕೇಳಿದರೆ ಸರಿಯೆನಿಸುತ್ತದೆ. ಕಾಸ್ಟ್ ಎಂಬ ಪ್ರಯೋಗ ಅದನ್ನು ಪರೀಕ್ಷೆಗೆ ಹಚ್ಚಿತು. ಎನ್‌ಕೈನೈಡ್, ಫ್ಲೆಕೈನೈಡ್ ಕೊಟ್ಟ 755 ಜನರಲ್ಲಿ 63 ಜನ ಸತ್ತರು. ಪ್ಲಸೀಬೊ ಕೊಟ್ಟ 743ರಲ್ಲಿ 26 ಜನ. ಅದೂ ಸರಾಸರಿ ಹತ್ತೇ ತಿಂಗಳಲ್ಲಿ. 1989ರಲ್ಲಿ ಈ ಔಷಧಗಳ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಸಿಜಿ ಸುಧಾರಿಸುತ್ತಿದ್ದ ಔಷಧವೇ ಜೀವ ತೆಗೆಯುತ್ತಿತ್ತು.

2006ರಲ್ಲಿ ಇದೇ ಕಥೆ ಮತ್ತೆ ನಡೆಯಿತು. ಟೋರ್ಸೆಟ್ರಾಪಿಬ್ ಅನ್ನೋ ಔಷಧ "ಒಳ್ಳೆ ಕೊಲೆಸ್ಟರಾಲ್" ಎಚ್‌ಡಿಎಲ್ ಅನ್ನು ಶೇ. 72ರಷ್ಟು ಏರಿಸಿತು. ಸಾವು ಮಾತ್ರ ಔಷಧದ ಗುಂಪಿನಲ್ಲಿ 93, ಇನ್ನೊಂದರಲ್ಲಿ 59.

ಟಿಪ್ಸ್-3 ಈ ಹಂತದಲ್ಲಿ ಪಾಸ್. ಅವರು ಎಣಿಸಿದ್ದು ನಿಜವಾದ ಕಾಯಿಲೆ, ನಿಜವಾದ ಸಾವು. ಆದರೆ ಹಲವನ್ನು ಸೇರಿಸಿ ಒಂದು ಕಟ್ಟು ಮಾಡಿದ್ದಾರೆ. ಕಟ್ಟು ಇದ್ದಾಗ ಅದನ್ನು ಬಿಚ್ಚಿ ಒಂದೊಂದನ್ನೇ ನೋಡಿ. ಫಲಿತಾಂಶದ ಕೋಷ್ಟಕದಲ್ಲಿ ಸಾವು ಎಷ್ಟು, ಲಕ್ವ ಎಷ್ಟು, ಸ್ಟೆಂಟ್ ಎಷ್ಟು ಅಂತ ಬೇರೆ ಬೇರೆ ಸಾಲು ಇರುತ್ತದೆ. ಸ್ಟೆಂಟ್ ಹಾಕಿಸಿಕೊಂಡದ್ದಷ್ಟೇ ಕಡಿಮೆಯಾಗಿ ಸಾವು ಅಲ್ಲೇ ನಿಂತಿದ್ದರೆ ತಲೆಬರಹದ ತೂಕ ಬೇರೆಯೇ.

ಹಂತ 6: ಈಗ ಲೆಕ್ಕ

ಪೆನ್ ತೆಗೆದುಕೊಳ್ಳಿ. ಪಾಲಿಪಿಲ್ ಕೊಟ್ಟದ್ದು 2861 ಜನಕ್ಕೆ. ಅವರಲ್ಲಿ 126 ಜನಕ್ಕೆ ತೊಂದರೆ ಆಯಿತು, ಅಂದರೆ ಶೇ. 4.4. ಪ್ಲಸೀಬೊ 2852 ಜನಕ್ಕೆ, ತೊಂದರೆ ಆದದ್ದು 157 ಜನಕ್ಕೆ, ಅಂದರೆ ಶೇ. 5.5.

4.4 ಅನ್ನು 5.5ರಿಂದ ಭಾಗಿಸಿದರೆ ಸುಮಾರು 0.8. ತೊಂದರೆ ಎಷ್ಟು ದಿನಕ್ಕೆ ಆಯಿತು ಅನ್ನೋದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪೇಪರ್ ಹೇಳುವುದು 0.79. ಅಂದರೆ ಶೇ. 21 ಕಡಿತ. ಸುದ್ದಿಗೆ ಹೋಗುವುದು ಈ ಥರದ ಅಂಕಿ.

5.5ರಲ್ಲಿ 4.4 ಕಳೆದರೆ 1.1. ಅಂದರೆ ನೂರು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನಕ್ಕೆ ಲಾಭ. ನೂರನ್ನು 1.1ರಿಂದ ಭಾಗಿಸಿ: ಸುಮಾರು 90. ತೊಂಬತ್ತು ಜನ ನಾಲ್ಕೂವರೆ ವರ್ಷ ದಿನಾ ನುಂಗಿದರೆ ಒಬ್ಬರಿಗೆ ತೊಂದರೆ ತಪ್ಪುತ್ತದೆ.

ಆಸ್ಪಿರಿನ್ ಜೊತೆ ಸೇರಿಸಿದ ಗುಂಪಿನಲ್ಲಿ ಶೇ. 4.1, ಎರಡೂ ಇಲ್ಲದ ಗುಂಪಿನಲ್ಲಿ ಶೇ. 5.8. ಭಾಗಿಸಿದ ದಾರಿಯಲ್ಲಿ ಶೇ. 31 ಕಡಿತ. ಕಳೆದ ದಾರಿಯಲ್ಲಿ 1.7. ಎರಡೂ ಸುಳ್ಳಲ್ಲ. ಆದರೆ ಎರಡನೆಯದನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ಅರ್ಧ ಸತ್ಯ.

ಇದನ್ನು ಇನ್ನೊಂದು ಪ್ರಯೋಗದ ಪಕ್ಕ ಇಟ್ಟರೆ ವಿಷಯ ಪಕ್ಕಾ ಆಗುತ್ತದೆ. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ನಡೆದ, 1994ರಲ್ಲಿ ಪ್ರಕಟವಾದ 4ಎಸ್ ಪ್ರಯೋಗದಲ್ಲಿ 4444 ಜನ ಇದ್ದರು. ಇವರೆಲ್ಲ ಆಗಲೇ ಹೃದಯಾಘಾತ ಆದವರು ಅಥವಾ ಎದೆನೋವು ಇದ್ದವರು, ಕೊಲೆಸ್ಟರಾಲ್ ಕೂಡ ಹೆಚ್ಚು. ಐದೂ ಚಿಲ್ಲರೆ ವರ್ಷದಲ್ಲಿ ಪ್ಲಸೀಬೊ ಗುಂಪಿನ 2223ರಲ್ಲಿ 256 ಜನ ಸತ್ತರು, ಸಿಮ್ವಾಸ್ಟಾಟಿನ್ ಗುಂಪಿನ 2221ರಲ್ಲಿ 182 ಜನ. ಭಾಗಿಸಿದರೆ ಇಲ್ಲೂ ಹತ್ತಿರ ಹತ್ತಿರ ಶೇ. 30 ಕಡಿತ. ಆದರೆ ಕಳೆದರೆ 3.3, ಅಂದರೆ ಮೂವತ್ತು ಜನ ನುಂಗಿದರೆ ಒಬ್ಬರ ಜೀವ ಉಳಿಯಿತು. ಜೀವ, ಬರೀ ಸ್ಟೆಂಟ್ ಅಲ್ಲ. ತಲೆಬರಹದಲ್ಲಿ ಎರಡಕ್ಕೂ ಶೇ. 30ರ ಆಸುಪಾಸಿನದೇ ಅಂಕಿ ಬೀಳುತ್ತದೆ, ಲಾಭ ಮಾತ್ರ ಒಂದೇ ಅಲ್ಲ. ಯಾಕೆಂದರೆ ಶುರುವಿನಲ್ಲಿದ್ದ ಅಪಾಯವೇ ಬೇರೆ. ಅಪಾಯ ಜಾಸ್ತಿ ಇದ್ದವರಿಗೆ ಅದೇ ಮಾತ್ರೆಯಿಂದ ಲಾಭವೂ ಜಾಸ್ತಿ.

ಹಾಗಾಗಿ ನಿಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಸ್ಟಾಟಿನ್ (ಸಿಮ್ವಾಸ್ಟಾಟಿನ್ ಥರದ ಕೊಲೆಸ್ಟರಾಲ್ ಮಾತ್ರೆ) ನುಂಗುತ್ತಿದ್ದರೆ ಈ ಲೇಖನ ಓದಿ ನಿಲ್ಲಿಸಬೇಡಿ. ಅವರು ಇರುವುದು 4ಎಸ್ ಕಡೆ, ಟಿಪ್ಸ್-3 ಕಡೆ ಅಲ್ಲ.

ಒಂದು ಚಿಕ್ಕ ಉಪಕಥೆ. 2003ರಲ್ಲಿ ಬ್ರಿಟನ್ನಿನ ವಾಲ್ಡ್ ಮತ್ತು ಲಾ ಎಂಬ ಇಬ್ಬರು ಪಾಲಿಪಿಲ್‌ನಿಂದ ಹೃದಯ, ರಕ್ತನಾಳದ ಕಾಯಿಲೆ ಶೇ. 80ಕ್ಕಿಂತ ಹೆಚ್ಚು ಕಡಿಮೆ ಆಗಬಹುದು ಅಂತ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಅವರು ಹೇಳಿದ ಮಾತ್ರೆಯಲ್ಲಿ ಆಸ್ಪಿರಿನ್, ಫೋಲಿಕ್ ಆಮ್ಲ ಕೂಡ ಇದ್ದವು, ಸರಿ. ಆದರೂ 80 ಎಲ್ಲಿ, 21 ಎಲ್ಲಿ! ಜನ ಮಾತ್ರೆ ಮರೆಯುತ್ತಾರೆ, ತಲೆಸುತ್ತು ಬಂದು ಬಿಡುತ್ತಾರೆ. ಟಿಪ್ಸ್-3 ನಡೆಯುವಾಗ ಮಾತ್ರೆ ಪೂರೈಕೆಯೇ ತಡವಾಯಿತು, ಕೊನೆಗೆ ಕೋವಿಡ್ ಬಂತು. ಮಾತ್ರೆ ಬಿಟ್ಟವರನ್ನೂ ಅದೇ ಗುಂಪಿನಲ್ಲಿಟ್ಟು ಲೆಕ್ಕ ಹಾಕುತ್ತಾರೆ, ಹಾಕಲೇಬೇಕು. ನುಂಗಿದವರನ್ನು ಮಾತ್ರ ಆರಿಸಿ ಎಣಿಸಿದರೆ ಚೀಟಿ ಎತ್ತಿದ್ದೇ ವ್ಯರ್ಥ.

ಹಂತ 7: ಅಂಕಿಯ ಪಕ್ಕದ ಎರಡು ಅಂಕಿ

0.79ರ ಪಕ್ಕ 0.63ರಿಂದ 1.00 ಅಂತ ಬರೆದಿರುತ್ತದೆ. ಇದನ್ನು ಕಾನ್ಫಿಡೆನ್ಸ್ ಇಂಟರ್ವಲ್ ಅನ್ನುತ್ತಾರೆ. ನಿಜವಾದ ಪರಿಣಾಮ ಈ ಎರಡರ ನಡುವೆ ಎಲ್ಲೋ ಇರಬಹುದು ಅಂತ ಇಟ್ಟುಕೊಂಡರೆ ಸಾಕು. 0.63 ಅಂದರೆ ಶೇ. 37 ಕಡಿತ. 1.00 ಅಂದರೆ ಏನೂ ಇಲ್ಲ. 1 ದಾಟಿದರೆ ಹಾನಿಯ ಕಡೆ. ಟಿಪ್ಸ್-3ರಲ್ಲಿ ಪಾಲಿಪಿಲ್ ಅಂಕಿಯ ಮೇಲಿನ ತುದಿ ಸರಿಯಾಗಿ ಈ 1ರ ಗೆರೆಯ ಮೇಲೆ ನಿಂತಿದೆ. 4ಎಸ್‌ನಲ್ಲಿ ಸಾವಿನ ಅಂಕಿ 0.70, ವ್ಯಾಪ್ತಿ 0.58ರಿಂದ 0.85. ಗೆರೆಯಿಂದ ಚೆನ್ನಾಗಿ ದೂರ. ಯಾವುದನ್ನು ಹೆಚ್ಚು ನಂಬಬೇಕು ಅಂತ ಇಲ್ಲೇ ಗೊತ್ತಾಗುತ್ತದೆ.

ಹಂತ 8: "ಹೆಂಗಸರಿಗೆ ಹೆಚ್ಚು ಲಾಭ", "ಐವತ್ತು ದಾಟಿದವರಿಗೆ ಮಾತ್ರ" ಅಂತ ಬಂದರೆ

ಒಳಗುಂಪುಗಳನ್ನು ಸೀಳಿ ಸೀಳಿ ನೋಡಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. 1988ರ ಐಸಿಸ್-2 ಪ್ರಯೋಗ ಇದನ್ನು ಮಜವಾಗಿ ತೋರಿಸಿತು. 17,187 ಜನ, ಎಲ್ಲರೂ ಹೃದಯಾಘಾತ ಆಗಿದೆ ಎಂಬ ಶಂಕೆಯಲ್ಲಿ ಆಸ್ಪತ್ರೆಗೆ ಬಂದವರು. ಆಸ್ಪಿರಿನ್ ಕೊಟ್ಟವರಲ್ಲಿ ಐದು ವಾರದೊಳಗೆ ಹೃದಯ, ರಕ್ತನಾಳದ ಕಾರಣಕ್ಕೆ ಸತ್ತವರು ಶೇ. 9.4, ಕೊಡದವರಲ್ಲಿ ಶೇ. 11.8. ಸ್ಪಷ್ಟ ಲಾಭ. ಆಗ ಸಂಶೋಧಕರು ಬೇಕಂತಲೇ ರೋಗಿಗಳನ್ನು ಹುಟ್ಟಿದ ತಾರೀಖಿನ ರಾಶಿ ಪ್ರಕಾರ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಸ್ವಲ್ಪ ಕೆಟ್ಟದ್ದೇ ಮಾಡಿದಂತೆ ಕಂಡಿತು! ನಮ್ಮ ಕಡೆ ಇದನ್ನು ನಿಜವೆಂದೇ ನಂಬುವವರು ಸಿಗಬಹುದು, ಆದರೆ ಆ ಸಂಶೋಧಕರು ಹೇಳಹೊರಟದ್ದು ಒಳಗುಂಪಿನ ಅಂಕಿಗೆ ಮರುಳಾಗಬೇಡಿ ಅಂತ.

ಹಂತ 9: ಹಾನಿಯನ್ನೂ ಅದೇ ತಕ್ಕಡಿಗೆ ಹಾಕಿ

ಲಾಭ ಎಣಿಸಿದ ರೀತಿಯಲ್ಲೇ ಹಾನಿಯನ್ನೂ ಎಣಿಸಿ. ಆಸ್ಪಿರಿನ್ ಸುಮ್ನೆ ಇರೋ ಮಾತ್ರೆ ಅಲ್ಲ. 2018ರ ಆಸ್ಪ್ರೀ ಪ್ರಯೋಗದಲ್ಲಿ ಆಸ್ಟ್ರೇಲಿಯಾ, ಅಮೆರಿಕದ 19,114 ಹಿರಿಯರಿದ್ದರು. ಬಹುತೇಕರು 70 ದಾಟಿದವರು, ಹೃದಯದ ಕಾಯಿಲೆ ಇಲ್ಲದವರು. ಆಸ್ಪಿರಿನ್ ನುಂಗಿದವರಲ್ಲಿ ಶೇ. 3.8 ಜನಕ್ಕೆ ದೊಡ್ಡ ರಕ್ತಸ್ರಾವ, ನುಂಗದವರಲ್ಲಿ ಶೇ. 2.8. ಕಳೆಯಿರಿ: ನೂರಕ್ಕೆ ಒಂದು. ಈಗ ಟಿಪ್ಸ್-3ರ 1.7ರ ಪಕ್ಕ ಇದನ್ನಿಡಿ. ಜನ ಬೇರೆ, ಪ್ರಯೋಗ ಬೇರೆ, ನೇರ ಹೋಲಿಕೆ ಆಗದು. ಆದರೂ ಶೇ. 31 ಅಂತ ಕುಣಿಯುವ ಉತ್ಸಾಹ ಸ್ವಲ್ಪ ಇಳಿಯುತ್ತದೆ ಅಲ್ವಾ.

ಇನ್ನೊಂದು ಸೂಕ್ಷ್ಮ ಇದೆ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಟಿಪ್ಸ್-3ರಲ್ಲಿ ಚೀಟಿ ಎತ್ತುವ ಮೊದಲು ಎಲ್ಲರಿಗೂ ಕೆಲವು ವಾರ ಮಾತ್ರೆ ಕೊಟ್ಟು ನೋಡಿದರು. ತಡೆದುಕೊಳ್ಳಲಾಗದವರು, ಸರಿಯಾಗಿ ನುಂಗದವರು ಅಲ್ಲೇ ಹೊರಗುಳಿದರು. ಹೀಗೆ ಸೋಸಿದ ಮೇಲೂ ಪಾಲಿಪಿಲ್ ಗುಂಪಿನಲ್ಲಿ ಬಿಪಿ ಇಳಿದು ತಲೆಸುತ್ತು ಬಂದವರು ಹೆಚ್ಚು. ಸೋಸದೇ ಊರಿಗೆಲ್ಲ ಕೊಟ್ಟರೆ ಇನ್ನೂ ಹೆಚ್ಚಾಗಬಹುದು. "ರನ್-ಇನ್" ಅನ್ನೋ ಪದ ಪೇಪರಿನಲ್ಲಿ ಕಂಡರೆ ಇದನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಯಾರದು ಅಂತಲೂ ನೋಡಿ, ಸಾರಾಂಶದ ಕೊನೆಯ ಸಾಲಿನಲ್ಲೇ ಇರುತ್ತದೆ. ಇದರಲ್ಲಿ ಮುಖ್ಯವಾಗಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್. ಕಂಪನಿಯ ದುಡ್ಡು ಇದ್ದ ಮಾತ್ರಕ್ಕೆ ಸುಳ್ಳು ಅಂತ ಅಲ್ಲ, 2ನೇ ಹಂತದ ಚೀಟಿಯನ್ನು ಇನ್ನೊಮ್ಮೆ ಗಟ್ಟಿಯಾಗಿ ನೋಡಬೇಕು ಅಷ್ಟೇ.

ಹಂತ 10: ಅಲ್ಲಿ ನನ್ನಂಥವರು ಇದ್ದಾರಾ?

ಒಳ್ಳೆಯ ಪ್ರಯೋಗವೂ ನಿಮಗೆ ಹೊಂದದೇ ಹೋಗಬಹುದು. ಬಿಪಿಯನ್ನು 120ಕ್ಕಿಂತ ಕೆಳಗೆ ಇಳಿಸಿದರೆ ಒಳ್ಳೆಯದು ಅಂತ 2015ರಲ್ಲಿ ತೋರಿಸಿದ ಸ್ಪ್ರಿಂಟ್ ಪ್ರಯೋಗದಲ್ಲಿ ಶುಗರ್ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಮನೆಮನೆಯಲ್ಲೂ ಶುಗರ್ ಇರುವ ನಮ್ಮಲ್ಲಿ ಇದು ಚಿಕ್ಕ ವಿಷಯವಲ್ಲ.

ಜಾಗವೂ ಮುಖ್ಯ. ಸೇಂಟ್ ಜಾನ್ಸ್‌ನವರೇ ಮುಂದೆ ನಿಂತು ನಡೆಸಿದ, 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನ ಹೃದಯಾಘಾತ ಅಥವಾ ಅದರಂಥ ತುರ್ತು ತೊಂದರೆಯಿಂದ ಆಸ್ಪತ್ರೆಗೆ ಬಂದ ನಮ್ಮ ದೇಶದ 20,468 ರೋಗಿಗಳನ್ನು ನೋಡಿತು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಸಮಯದ ಮಧ್ಯದ ಅಂಕಿ (ಅರ್ಧ ಜನ ಇದಕ್ಕಿಂತ ಮೊದಲು, ಅರ್ಧ ಜನ ಆಮೇಲೆ) 360 ನಿಮಿಷ, ಆರು ಗಂಟೆ! ಒಂದೆರಡು ಗಂಟೆಯಲ್ಲಿ ಕ್ಯಾಥ್ ಲ್ಯಾಬ್ ಮುಟ್ಟಿದ ಯುರೋಪಿನ ರೋಗಿಗಳ ಫಲಿತಾಂಶವನ್ನು ಇಂಥ ಕಡೆ ಹಾಗೇ ತಂದು ಅಂಟಿಸಲಾಗದು.

ಹಂತ 11: ಲೆಕ್ಕ ಹಿಡಿದು ಡಾಕ್ಟರ್ ಹತ್ತಿರ ಹೋಗಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಕ್ಷಿಣ ಏಷ್ಯಾಕ್ಕೆ ಅಂತಲೇ ಅಪಾಯದ ಚಾರ್ಟ್ ಮಾಡಿದೆ. ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು, ಬಿಪಿ, ಶುಗರ್, ಕೊಲೆಸ್ಟರಾಲ್ ಹಾಕಿದರೆ ಹತ್ತು ವರ್ಷದ ಅಪಾಯ ಶೇಕಡಾದಲ್ಲಿ ಸಿಗುತ್ತದೆ. ರಕ್ತಪರೀಕ್ಷೆ ಇಲ್ಲದೆ ತೂಕ, ಎತ್ತರದಿಂದ ನೋಡುವ ಚಾರ್ಟೂ ಇದೆ. ನಿಮ್ಮ ಅಪಾಯ ಶೇ. 20 ಅಂತ ಬಂದರೆ, ಶೇ. 21 ಕಡಿತದ ಮಾತ್ರೆಯಿಂದ ಅದು ಸುಮಾರು 16ಕ್ಕೆ ಇಳಿಯುತ್ತದೆ. ನೂರಕ್ಕೆ ನಾಲ್ಕು ಜನ ಉಳಿದರು. ಶೇ. 5 ಇದ್ದರೆ ಸುಮಾರು 4ಕ್ಕೆ, ನೂರಕ್ಕೆ ಒಬ್ಬರು. ಟಿಪ್ಸ್-3 ನಡೆದದ್ದು ಐದು ವರ್ಷಕ್ಕೂ ಕಡಿಮೆ, ಹಾಗಾಗಿ ಇದು ಅಂದಾಜು ಮಾತ್ರ. ಆದರೂ "ಮಾತ್ರೆ ತಗೋಳ್ಳಾ ಬೇಡ್ವಾ" ಅಂತ ಕೇಳುವ ಬದಲು "ಸರ್, ನನ್ನ ಅಪಾಯ ಎಷ್ಟು, ಇದರಿಂದ ನೂರಕ್ಕೆ ಎಷ್ಟು ಇಳಿಯುತ್ತೆ, ರಕ್ತಸ್ರಾವ ಎಷ್ಟು ಏರುತ್ತೆ" ಅಂತ ಕೇಳಿದರೆ ಸಿಗುವ ಉತ್ತರವೇ ಬೇರೆ ಇರುತ್ತದೆ.

ಹೋಗುವಾಗ ಈಗ ನುಂಗುತ್ತಿರುವ ಎಲ್ಲಾ ಮಾತ್ರೆಗಳ ಸ್ಟ್ರಿಪ್ ಚೀಲಕ್ಕೆ ಹಾಕಿಕೊಳ್ಳಿ. ಎಷ್ಟೋ ಜನ ಬಿಪಿಗೆ ಆಗಲೇ ಅಟೆನೊಲಾಲ್ ಅಥವಾ ರಾಮಿಪ್ರಿಲ್ ತೆಗೆದುಕೊಳ್ಳುತ್ತಿರುತ್ತಾರೆ. ಅದರ ಮೇಲೆ ಪಾಲಿಪಿಲ್ ಬಿದ್ದರೆ ಅದೇ ಔಷಧ ಎರಡೆರಡು ಸಲ ಹೊಟ್ಟೆಗೆ ಹೋಗುತ್ತದೆ. ಆಸ್ತಮಾ ಇದ್ದರೆ, ರಾಮಿಪ್ರಿಲ್ ಥರದ ಮಾತ್ರೆಗೆ ಹಿಂದೆ ಒಣ ಕೆಮ್ಮು ಬಂದಿದ್ದರೆ ಅದನ್ನೂ ಮರೆಯದೆ ಹೇಳಿ.